ಬಿಸಿಲು ನಾಡಿನ ಅಡವಿ, ಒಂದು ಬಣ್ಣದ ಪೆಟ್ಟಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ಮೂವತ್ತು ವರ್ಷದಿಂದ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಡವಿ, ಗುಡ್ಡ, ಕೆರೆ ದಂಡೆಗಳಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದೇನೆ. ವಾರವಿಡೀ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್, ರವಿವಾರ ಅಡವಿ. ಪ್ರದರ್ಶನದಲ್ಲಿ, ಪತ್ರಗಳಲ್ಲಿ, ಬಸ್ಸಿನ ಪಕ್ಕದ ಸೀಟಿನಿಂದ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಂಡಿದ್ದೆ. ಈಗ ಉತ್ತರ ಸೇರಿಸಿದ್ದೇನೆ.

## ಮೊದಲ ಭೇಟಿಯಲ್ಲೇ ಕೇಳುವವು

"ಇಲ್ಲಿ ಏನದ ರೀ ಚಿತ್ರ ತೆಗೀಲಾಕ? ಬರೇ ಕಲ್ಲು, ಬರೇ ಬಿಸಿಲು."

ಈ ಮಾತು ಬಾರದ ಪ್ರದರ್ಶನವೇ ಇಲ್ಲ. ಕೇಳುವವರು ಹೊರಗಿನವರಲ್ಲ, ನಮ್ಮವರೇ. ಒಂದು ಸಲ ಮಡಿಕೇರಿಗೆ ಹೋಗಿ ಬಂದವರಾದರೆ ಇನ್ನೂ ಜೋರಾಗಿ ಕೇಳುತ್ತಾರೆ.

ಒಂದು ಕೆಲಸ ಮಾಡಿ. ಬೀದರ್‌ನಿಂದ ಹೊರಟು ಕಲಬುರಗಿ ದಾಟಿ ಯಾದಗಿರಿಗೆ ಬನ್ನಿ. ಕಿಟಕಿ ಪಕ್ಕ ಕೂತು ನೆಲ ಮಾತ್ರ ನೋಡಿ. ಬೀದರ್ ಕೋಟೆ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರ ಕೆಳಗೆ ಕರಿ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ ಹೆಪ್ಪುಗಟ್ಟಿದ್ದು. ಅದೇ ಕಲ್ಲು ಸವೆದು ನಮ್ಮ ಎರೆ ಮಣ್ಣಾಗಿದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬಂದರೆ ಸುಣ್ಣದ ಕಲ್ಲು. ಮನೆಗೆ ಹಾಸುವ ಫರಸಿ ಇದೇ. ಬೂದಿ ಬಣ್ಣ ಅಂದುಕೊಂಡಿರುತ್ತೇವೆ. ನೀರು ಚಿಮುಕಿಸಿ ನೋಡಿ, ನೀಲಿ, ಹಸಿರು, ಕೆಲವು ಕಡೆ ಗುಲಾಬಿಯೂ ಬರುತ್ತದೆ. ಯಾದಗಿರಿ ಹತ್ತಿರ ಬಂದರೆ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೇ ದಿನದ ಬಸ್ ಪ್ರಯಾಣದಲ್ಲಿ ನೆಲ ಇಷ್ಟು ಸಲ ಸೀರೆ ಬದಲಿಸುತ್ತದೆ.

ಮಲೆನಾಡಿನಲ್ಲಿ ಹಸಿರು ಎಲ್ಲವನ್ನೂ ಮುಚ್ಚುತ್ತದೆ. ಇಲ್ಲಿ ನೆಲದ ಎಲುಬು ಕಾಣುತ್ತದೆ. ನನಗೆ ಎಲುಬು ಬರೆಯುವುದು ಇಷ್ಟ. "ಏನೂ ಇಲ್ಲ" ಅನ್ನುವವರು ಬಹಳ ಮಟ್ಟಿಗೆ ಮಧ್ಯಾಹ್ನ ಹನ್ನೆರಡಕ್ಕೆ, ಓಡುವ ಗಾಡಿಯಿಂದ ನೋಡಿದವರು. ಆ ಹೊತ್ತಿಗೆ ನನಗೂ ಏನೂ ಕಾಣುವುದಿಲ್ಲ.

"ನಮ್ಮ ಕಡೆ ಅಡವಿ ಅನ್ನೋದು ಅದ ಏನ್ರಿ?"

ಇದೆ. ಚಿಂಚೋಳಿ ವನ್ಯಜೀವಿ ಧಾಮ 134.88 ಚದರ ಕಿಲೋಮೀಟರ್ ಇದೆ. 2011ರಲ್ಲಿ ಘೋಷಣೆಯಾಯಿತು. ಒಣ ಪ್ರದೇಶದ ಕಾಡು, ತೆಲಂಗಾಣದ ಗಡಿಗೆ ಹತ್ತಿಕೊಂಡಿದೆ. ಒಳಗೆ ಚಂದ್ರಂಪಳ್ಳಿ ಜಲಾಶಯ, ಸುತ್ತ ತಾಂಡಾಗಳು. ತೇಗ, ಮುತ್ತುಗ ಇವೆ. ತೋಳ, ಕತ್ತೆಕಿರುಬ, ನರಿ ಇವೆ.

ಆದರೆ ಅಡವಿ ಅಂದರೆ ಮರ ಮಾತ್ರ ಅಂತ ನಾನು ಒಪ್ಪುವುದಿಲ್ಲ. ನಮ್ಮ ಹುಲ್ಲುಗಾವಲು, ಕುರುಚಲು ಗುಡ್ಡ ಸರಕಾರಿ ಕಾಗದದಲ್ಲಿ "ಬಂಜರು" ಅಂತ ನಮೂದಾಗಿರುತ್ತವೆ. ತೋಳಕ್ಕೂ ಚಿಗರಿಗೂ ಬೇಕಾಗಿರುವುದು ಆ ಬಂಜರೇ. ನಮ್ಮ ಹಿರಿಯರು ಎರೆಭೂತ ಅಂತ ಒಂದು ದೊಡ್ಡ ಹಕ್ಕಿಯ ಹೆಸರು ಹೇಳುತ್ತಿದ್ದರು. ಎರೆ ಹೊಲದಲ್ಲಿ ಸುಮಾರು ಒಂದು ಮೀಟರ್ ಎತ್ತರ ನಿಂತು, ಮನುಷ್ಯರನ್ನು ಕಂಡರೆ ಭೂತದ ಹಾಗೆ ಮಾಯವಾಗುವ ಹಕ್ಕಿ. ಈಗ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹೆಸರು ನಮ್ಮ ಮಣ್ಣಿನದು, ಹಕ್ಕಿ ಮಾತ್ರ ನಮ್ಮ ಹೊಲದಲ್ಲಿಲ್ಲ.

"ಈ ಹುಚ್ಚು ಹಚ್ಚಿದೋರು ಯಾರು ಅಕ್ಕೋರೆ?"

ನನ್ನ ಆಯಿ. ಅವಳಿಗೆ ಚಿತ್ರ ಅಂದರೆ ಗೋಡೆ ಮೇಲಿನ ಕ್ಯಾಲೆಂಡರ್ ಅಷ್ಟೇ. ಆದರೆ ಪತ್ರೋಳಿ ಹಚ್ಚಲು ಮುತ್ತುಗದ ಎಲೆ ತರುವುದಕ್ಕೆ ಚಿಂಚೋಳಿ ಕಡೆಯ ಗುಡ್ಡಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಎಲೆ ಆರಿಸುವಾಗ ಅವಳ ಕಣ್ಣು ಬಹಳ ಚುರುಕು. "ಇದು ಎಳೇದು, ಹರೀತದ. ಅದು ಮುದಿದು, ಮುರೀತದ. ಈ ನಡುವಿಂದು ತಗೋ." ಬರೀ ಹಸಿರಿನಲ್ಲೇ ಮೂರು ವಯಸ್ಸು ಇರುತ್ತವೆ ಅಂತ ಅಲ್ಲಿ ಕಲಿತೆ. ಡ್ರಾಯಿಂಗ್ ಕ್ಲಾಸಿನಲ್ಲಿ ಅದನ್ನು ಹೇಳಿಕೊಟ್ಟದ್ದು ಎಷ್ಟೋ ವರ್ಷದ ಮೇಲೆ.

ಆಮೇಲೆ ಕಲಬುರಗಿಯಲ್ಲೇ ಚಿತ್ರಕಲೆ ಓದಿದೆ. ತರಗತಿಯಲ್ಲಿ ಹೂದಾನಿ, ಬಟ್ಟೆಯ ಮಡಿಕೆ, ಮನುಷ್ಯರ ಮುಖ ಚೆನ್ನಾಗಿ ಕಲಿಸಿದರು. ಹೊರಗೆ ಕೂರುವುದನ್ನು ಮಾತ್ರ ನಾನೇ ಕಲಿಯಬೇಕಾಯಿತು.

"ಒಬ್ಬಾಕೆನೇ ಅಡವಿಗೆ ಹೋಗ್ತೀರಲ್ಲ, ಅಂಜಿಕಿ ಆಗಂಗಿಲ್ಲೇನ್ರಿ?"

ಗಂಡು ಚಿತ್ರಕಾರರಿಗೂ ಇದನ್ನು ಕೇಳುತ್ತಾರಾ ಅಂತ ವಿಚಾರಿಸಿದ್ದೇನೆ. ಕೇಳುವುದಿಲ್ಲವಂತೆ.

ಅಂಜಿಕೆ ಆಗುತ್ತದೆ. ತೋಳದ್ದಲ್ಲ. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸಾಮಾನ್ಯ. ಚಿತ್ರದಲ್ಲಿ ಮುಳುಗಿದರೆ ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಒಂದು ಸಲ ಕಾಗಿಣಾ ನದಿ ದಂಡೆಯಲ್ಲಿ ತಲೆ ಸುತ್ತಿ ಬಿದ್ದಿದ್ದೆ. ಕುರಿ ಕಾಯುವ ಅಜ್ಜ ಒಬ್ಬ ನೀರು ಚಿಮುಕಿಸಿ ಎಬ್ಬಿಸಿದ. ಆಮೇಲೆ ನನ್ನ ಚಿತ್ರ ನೋಡಿ, "ಇದಕ್ಕಾ ಸಾಯ್ಲಾಕತ್ತಿದ್ದಿ?" ಅಂದ. ಅಂದಿನಿಂದ ಉಪ್ಪು ಹಾಕಿದ ಮಜ್ಜಿಗೆ ಬಾಟಲಿ ಬಣ್ಣದ ಪೆಟ್ಟಿಗೆಗಿಂತ ಮೊದಲು ಚೀಲ ಸೇರುತ್ತದೆ. ಎರಡನೆಯದು ಹಾವು. ಕಲ್ಲಿನ ಸಂದಿಯಲ್ಲಿ ಗರಗಸ ಮಂಡಲ ಇರುತ್ತದೆ. ಕೂರುವ ಮುಂಚೆ ಕೋಲಿನಿಂದ ತಟ್ಟುತ್ತೇನೆ. ಮುಚ್ಚಿದ ಬೂಟು ಹಾಕುತ್ತೇನೆ.

ಮೂರನೆಯದು ಮನುಷ್ಯರು. ಅದಕ್ಕೆ ಉಪಾಯ ಸರಳ. ಊರೊಳಗೆ ಮೊದಲು ಚಹಾ ಕುಡಿದು, ಎಲ್ಲಿ ಕೂರುತ್ತೇನೆ ಅಂತ ಹೇಳಿಯೇ ಹೋಗುತ್ತೇನೆ. ತಾಂಡಾದ ಹೆಣ್ಣುಮಕ್ಕಳು ಕಟ್ಟಿಗೆಗೆ ಹೋಗುವಾಗ ನಾನಿದ್ದೇನಾ ಅಂತ ನೋಡಿಕೊಂಡೇ ಹೋಗುತ್ತಾರೆ.

"ಇದರಾಗ ಹೊಟ್ಟಿ ತುಂಬ್ತದೇನು?"

ಇಲ್ಲ. ಹೊಟ್ಟೆ ತುಂಬಿಸುವುದು ಶಾಲೆಯ ಸಂಬಳ. ಚಿತ್ರ ಮಾರಾಟದ ದುಡ್ಡು ಕಾಗದ, ಬಣ್ಣ, ಫ್ರೇಮು, ಬಸ್ ಚಾರ್ಜಿಗೆ ಸರಿಹೋಗುತ್ತದೆ.

"ಎಸ್.ಎಂ. ಪಂಡಿತರ ಊರಿನವರಾಗಿ ದೇವರ ಚಿತ್ರ ಯಾಕೆ ಮಾಡಲ್ಲ?"

ಎಸ್.ಎಂ. ಪಂಡಿತರು (1916–1993) ಹುಟ್ಟಿದ್ದು ಕಲಬುರಗಿಯಲ್ಲಿ. ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಪುರಾಣದ ಚಿತ್ರ, ಕ್ಯಾಲೆಂಡರ್‌ಗಳಿಂದ ಹೆಸರಾದರು. ನಗರದ ರಂಗಮಂದಿರಕ್ಕೂ ಅವರದೇ ಹೆಸರು. ಅವರಂತೆ ಮೈಯ ತೂಕ, ಚರ್ಮದ ಹೊಳಪು ಬರೆಯಬಲ್ಲವರು ಕಡಿಮೆ. ನಾನು ಪ್ರಯತ್ನಿಸಿದ್ದೇನೆ. ನನ್ನ ಕೈಯಲ್ಲಿ ಶಿವ ಬ್ಯಾಂಕ್ ಮ್ಯಾನೇಜರ್ ಹಾಗೆ ಕಾಣುತ್ತಾನೆ.

ನಮ್ಮ ಕಡೆ ಇನ್ನೊಂದು ಹಳೆಯ ಪರಂಪರೆಯೂ ಇದೆ. ಸುರಪುರದ ನಾಯಕರ ಆಸರೆಯಲ್ಲಿ ಬೆಳೆದ, ಬಂಗಾರದ ರೇಕು ಹಚ್ಚುವ ಸಣ್ಣ ಅಳತೆಯ ಚಿತ್ರಗಳು. ಅಲ್ಲೂ ದೇವರು, ದೊರೆಗಳೇ ಜಾಸ್ತಿ. ಗುಡ್ಡ ಗಿಡ ಮುಂದೆ ಬಂದು ಕೂರುವುದು ನಮ್ಮಲ್ಲಿ ತಡವಾಗಿ ಶುರುವಾಯಿತು. ಕರ್ನಾಟಕದ ಮಟ್ಟಿಗೆ ಹೇಳಿದರೆ ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ (1886–1965), ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬೆಂಕಿ ಹತ್ತಿದ ಹಾಗೆ ಬರೆದ ರುಮಾಲೆ ಚನ್ನಬಸವಯ್ಯ (1910–1988) ದೊಡ್ಡ ಹೆಸರುಗಳು. ಕಬ್ಬನ್ ಪಾರ್ಕ್ ಹತ್ತಿರದ ವೆಂಕಟಪ್ಪ ಆರ್ಟ್ ಗ್ಯಾಲರಿ ನೋಡದಿದ್ದರೆ ಮುಂದಿನ ಸಲ ಬೆಂಗಳೂರಿಗೆ ಹೋದಾಗ ನೋಡಿ.

## ಜಾಗ, ಕಾಲ, ಪರವಾನಗಿ

"ಯಾವ ತಿಂಗಳು ಎಲ್ಲಿಗೆ ಹೋದರೆ ಚಲೋ?"

ನನ್ನ ವರ್ಷ ಮಳೆಗಾಲದ ಕೊನೆಗೆ ಶುರುವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಚಿಂಚೋಳಿ ಹತ್ತಿರದ ಎತ್ತಿಪೋತ ಜಲಪಾತ. ಬೇಸಿಗೆಯಲ್ಲಿ ಹೋಗಿ "ನೀರೇ ಇಲ್ಲ" ಅನ್ನಬೇಡಿ. ನವೆಂಬರ್ ಹೊತ್ತಿಗೆ ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿ ಚುಕ್ಕೆ. ಅದನ್ನು ಅಡವಿ ಅನ್ನಲಾಗದು, ಆದರೂ ಬಿಡಲು ಮನಸ್ಸಾಗುವುದಿಲ್ಲ. ಚಳಿಗಾಲದಲ್ಲಿ ಸುರಪುರ ಹತ್ತಿರದ ಬೋನಾಳ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಬೆಳಿಗ್ಗೆ ಮಂಜು ಇರುವಾಗ ಕೆರೆ, ಆಕಾಶ ಎರಡೂ ಒಂದೇ ಬಣ್ಣ, ನಡುವೆ ಗೆರೆಯೇ ಇರುವುದಿಲ್ಲ. ಜನವರಿಯಲ್ಲಿ ಕುಸುಬಿ ಹೂ.

ಫೆಬ್ರವರಿ ಕೊನೆಯಿಂದ ಮಾರ್ಚ್ ತನಕ ನನ್ನನ್ನು ಮದುವೆ, ಮುಂಜಿಗೆ ಕರೆಯಬೇಡಿ ಅಂತ ಬಳಗಕ್ಕೆಲ್ಲ ಹೇಳಿಬಿಟ್ಟಿದ್ದೇನೆ. ಅದು ಮುತ್ತುಗದ ಕಾಲ. ಮರದಲ್ಲಿ ಒಂದು ಎಲೆ ಇರುವುದಿಲ್ಲ, ಮೈತುಂಬ ಕೇಸರಿ ಹೂ. ಹೂವಿನ ತೊಟ್ಟು ಕಪ್ಪು ಮಖಮಲ್ ಹಾಗಿರುತ್ತದೆ. ಹೊಸಬರು ಕೇಸರಿ ಬರೆದು ಆ ಕಪ್ಪು ಬಿಟ್ಟುಬಿಡುತ್ತಾರೆ. ಆಗ ಮರ ಸುಮ್ನೆ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಕಪ್ಪು ಇದ್ದರೇ ಕೇಸರಿ ಉರಿಯುವುದು.

ಏಪ್ರಿಲ್, ಮೇ ತಿಂಗಳಲ್ಲಿ ಬೀದರ್. ಅಲ್ಲಿ ಸ್ವಲ್ಪ ಎತ್ತರ, ನಮ್ಮಷ್ಟು ಧಗೆ ಇಲ್ಲ. ಹೊನ್ನಿಕೇರಿ ಕಾಡಿನ ಅಂಚಿನಲ್ಲಿ ಬೆಳಿಗ್ಗೆ ಎರಡು ತಾಸು ಕೂತರೆ ಸಾಕು.

"ಪರ್ಮಿಷನ್ ಬೇಕಾ?"

ವನ್ಯಜೀವಿ ಧಾಮದ ಒಳಗೆ ಹೋಗಲು ಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ, ಯಾವ ದಿನ, ಎಷ್ಟು ಜನ ಅಂತ ಬರೆದುಕೊಡಿ. ಕೋಟೆಗಳಲ್ಲಿ ಪುಸ್ತಕ ಹಿಡಿದು ಸ್ಕೆಚ್ ಮಾಡಿದರೆ ನನ್ನನ್ನು ಯಾರೂ ತಡೆದಿಲ್ಲ. ಸ್ಟ್ಯಾಂಡ್ ಹಾಕುವ ಮುಂಚೆ ಕಾವಲಿನವರನ್ನು ಕೇಳಿ. ಹೊಲದಲ್ಲಿ ಕೂರುವುದಾದರೆ ರೈತರನ್ನು ಕೇಳಿ. ಅವರು ಬೇಡ ಅನ್ನುವುದಿಲ್ಲ, ಬದಲಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕೂರಿಸಿಕೊಳ್ಳುತ್ತಾರೆ. ಚಿತ್ರ ಆ ದಿನ ಮುಗಿಯುವುದಿಲ್ಲ, ಅದು ಬೇರೆ ಮಾತು.

"ಅಡವಿ ಚಿತ್ರ ಅಂತೀರಿ, ಪ್ರಾಣಿನೇ ಇಲ್ಲಲ್ಲ?"

ಅಡವಿಗೆ ಹೋದಾಗ ನಿಮಗೆ ಎಷ್ಟು ಪ್ರಾಣಿ ಕಂಡಿವೆ? ನನಗೂ ಅಷ್ಟೇ. ಹೆಜ್ಜೆ ಗುರುತು ಕಾಣುತ್ತದೆ, ಹಿಕ್ಕೆ ಕಾಣುತ್ತದೆ, ಹುಲ್ಲು ಮಲಗಿದ ಜಾಗ ಕಾಣುತ್ತದೆ. ಅವನ್ನು ಬರೆಯುತ್ತೇನೆ. ಬೀದರ್ ಕಡೆಯ ಒಂದು ಚಿತ್ರದಲ್ಲಿ ಎಡ ಮೂಲೆಗೆ ಒಂದು ಅಕ್ಕಿಕಾಳಿನಷ್ಟು ಕಪ್ಪು ಇದೆ. ಅದು ಚಿಗರಿ. ಅಷ್ಟು ದೂರದಿಂದಲೇ ಅದು ನನ್ನನ್ನು ನೋಡಿ ನಿಂತಿತ್ತು. ಹತ್ತಿರದ್ದು ಬೇಕಾದರೆ ಫೋಟೋಗ್ರಾಫರ್ ಹತ್ತಿರ ಕೇಳಿ, ಅವರ ಲೆನ್ಸ್ ಉದ್ದ ಇರುತ್ತದೆ.

## ಬಣ್ಣ, ಕಾಗದ, ಎಣ್ಣೆ

"ಶುರು ಮಾಡೋರಿಗೆ ಎಷ್ಟು ಬಣ್ಣ ಬೇಕು?"

ಆರು. ಯೆಲ್ಲೊ ಆಕರ್ (ಮಣ್ಣು ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಲೈಟ್ ರೆಡ್ (ಇಟ್ಟಿಗೆ ಕೆಂಪು), ಅಲ್ಟ್ರಾಮರೀನ್ ನೀಲಿ, ಒಂದು ತಿಳಿ ಹಳದಿ, ಒಂದು ಕೇಸರಿ. ಕಪ್ಪು ಬೇಡ. ಬರ್ಂಟ್ ಸಿಯೆನ್ನಾಗೆ ಅಲ್ಟ್ರಾಮರೀನ್ ಸೇರಿಸಿದರೆ ನಮ್ಮ ಎರೆ ಮಣ್ಣಿನ ಕಪ್ಪು ಬರುತ್ತದೆ. ನೀಲಿ ಹೆಚ್ಚಾದರೆ ಮಳೆ ಬಿದ್ದ ಎರೆ, ಕಂದು ಹೆಚ್ಚಾದರೆ ಬಿರುಕು ಬಿಟ್ಟ ಎರೆ. ಟ್ಯೂಬಿನ ಹಸಿರು ಬಣ್ಣವನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಷ್ಟು ಹಸಿರು ನಮ್ಮಲ್ಲಿ ಶ್ರಾವಣದಲ್ಲೂ ಇರುವುದಿಲ್ಲ.

"ಜಲವರ್ಣ ಕುಂಚ ಎತ್ತೋದ್ರೊಳಗ ಒಣಗಿ ಹೋಗ್ತದ. ಏನ್ ಮಾಡ್ಲಿ?"

ಕಲಿಸುವವರು ಹೇಳುವ "ಹಸಿ ಮೇಲೆ ಹಸಿ" ವಿಧಾನ, ಅಂದರೆ ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಹಚ್ಚುವುದು, ತಂಪು ದೇಶದವರದು. ಅವರಿಗೆ ಆಕಾಶ ಬರೆಯಲು ಹತ್ತು ನಿಮಿಷ ಸಿಗುತ್ತದೆ. ನಮಗೆ ಮಾರ್ಚ್‌ನಲ್ಲಿ ಒಂದು ನಿಮಿಷವೂ ಸಿಗುವುದಿಲ್ಲ.

ಕಾಗದ ಹತ್ತಿಯದಿರಲಿ, 300 ಜಿಎಸ್ಎಮ್‌ಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ತೂಕದ ಲೆಕ್ಕ) ಕಡಿಮೆ ಬೇಡ. ಎರಡೂ ಬದಿ ನೀರು ಹಚ್ಚಿ, ಅಕ್ರಿಲಿಕ್ ಹಾಳೆಯ ಮೇಲೆ ಅಂಟಿಸಿದ ಹಾಗೆ ಹಾಸಿ. ಕೆಳಗಿನಿಂದ ಹಸಿ ಬರುತ್ತಿರುತ್ತದೆ, ಮೇಲೆ ಬೇಗ ಒಣಗುವುದಿಲ್ಲ. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿ. ಜಾಸ್ತಿ ಹಾಕಿದರೆ ಚಿತ್ರ ಮಳೆಗಾಲದಲ್ಲಿ ಅಂಟಂಟಾಗುತ್ತದೆ, ನನಗೆ ಆಗಿದೆ. ನೆರಳಿನಲ್ಲೇ ಕೂರಿ. ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕಿ, ಎಲ್ಲ ಬಣ್ಣ ಗಾಢವಾಗಿ ಹಾಕಿಬಿಡುತ್ತೀರಿ. ಮನೆಗೆ ಬಂದು ನೋಡಿದರೆ ಸಂಜೆ ಆದ ಹಾಗಿರುತ್ತದೆ.

ಇನ್ನೊಂದು ವಿಷಯ ನೀರು. ಸುಣ್ಣದ ಕಲ್ಲಿನ ಸೀಮೆಯ ಬೋರಿನ ನೀರು ಗಡಸು. ಬಣ್ಣ ಅದರಲ್ಲಿ ಒಡೆದ ಹಾಗೆ ಕಾಳುಕಾಳಾಗಿ ಕೂರುತ್ತದೆ. ಆಕಾಶಕ್ಕೆ ಇದು ಆಗುವುದಿಲ್ಲ. ಕಲ್ಲು ಬರೆಯುವಾಗ ನಾನು ಬೇಕಂತಲೇ ಆ ನೀರು ಬಳಸುತ್ತೇನೆ. ಅದಕ್ಕೇ ಎರಡು ಬಾಟಲಿ ಹೊರುತ್ತೇನೆ, ಒಂದು ಫಿಲ್ಟರ್ ನೀರು, ಒಂದು ಬೋರಿನ ನೀರು.

"ಊರ ಮಣ್ಣಿಂದಲೇ ಬಣ್ಣ ಮಾಡಬಹುದಾ?"

ಧಾರಾಳವಾಗಿ. ಅಂಗಡಿಯ ಆಕರ್, ಸಿಯೆನ್ನಾ ಬಣ್ಣಗಳೂ ಮೂಲದಲ್ಲಿ ಕಬ್ಬಿಣದ ಅಂಶ ಇರುವ ಮಣ್ಣೇ. ಬೀದರ್‌ನ ಕೆಂಪಿನಲ್ಲೂ ಅದೇ ಕಬ್ಬಿಣ.

ಒಂದು ಬೊಗಸೆ ಕೆಮ್ಮಣ್ಣು ಕುಟ್ಟಿ, ಬಕೆಟ್ ನೀರಿನಲ್ಲಿ ಕಲಕಿ. ಅರ್ಧ ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ. ಹೀಗೆ ಮೂರು ಸಲ. ಕೊನೆಯ ನೀರನ್ನು ಒಂದು ದಿನ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ಕೆಸರು ಕೂತಿರುತ್ತದೆ. ಅದನ್ನು ಒಣಗಿಸಿ, ಫರಸಿ ಕಲ್ಲಿನ ಮೇಲೆ ಅರೆಯಿರಿ. ನೀರಲ್ಲಿ ನೆನೆಸಿ ಸೋಸಿದ ಜಾಲಿ ಅಂಟು, ಎರಡು ಹನಿ ಜೇನುತುಪ್ಪ ಸೇರಿಸಿ. ಅಂಟು ಕಡಿಮೆಯಾದರೆ ಬಣ್ಣ ಒಣಗಿದ ಮೇಲೆ ಬೆರಳಿಗೆ ಬರುತ್ತದೆ, ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಎರೆ ಮಣ್ಣಿನಲ್ಲಿ ಮಾಡಲು ಹೋಗಬೇಡಿ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಹೊಲದ ಹಾಗೆಯೇ ಕಾಗದದ ಮೇಲೂ ಬಿರಿಯುತ್ತದೆ. ಕಪ್ಪಿಗೆ ದೀಪದ ಕಾಡಿಗೆ ಒಳ್ಳೆಯದು.

ಮುತ್ತುಗದ ಹೂವಿನ ಬಣ್ಣ ಹೋಳಿಗೆ ಚೆಂದ, ಚಿತ್ರಕ್ಕೆ ಆಗುವುದಿಲ್ಲ. ಬೆಳಕಿಗೆ ಮಾಸುತ್ತದೆ. ಅರಿಶಿನವೂ ಅಷ್ಟೇ. ಮಣ್ಣು ಮಾಸುವುದಿಲ್ಲ.

ಬೀದರ್‌ನ ಬಿದ್ರಿ ಕೆಲಸದವರು ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಸತುವಿನ ಪಾತ್ರೆಯನ್ನು ಕಪ್ಪು ಮಾಡುತ್ತಾರೆ. ಅದರಲ್ಲಿ ಕೂರಿಸಿದ ಬೆಳ್ಳಿ ಹಾಗೆಯೇ ಉಳಿಯುತ್ತದೆ. ಅದು ಬಣ್ಣ ಹಚ್ಚುವುದಲ್ಲ, ಲೋಹದ ಮೈಯೇ ಬದಲಾಗುವುದು. ನನ್ನ ರಾತ್ರಿಯ ಚಿತ್ರಗಳಲ್ಲಿ ಕಪ್ಪು ಹೊಳೆಯದ ಹಾಗೆ ಬಿಡುವುದನ್ನು ಅವರ ಕೆಲಸ ನೋಡಿ ಕಲಿತೆ.

"ಅಡುಗಿ ಮನಿ ಅಗಸಿ ಎಣ್ಣಿ ನಡೀತದೇನ್ರಿ?"

ನಗಬೇಡಿ, ಇದು ಒಳ್ಳೆಯ ಪ್ರಶ್ನೆ. ತೈಲವರ್ಣದ ಬಾಟಲಿ ಮೇಲೆ ಲಿನ್ಸೀಡ್ ಅಂತ ಬರೆದಿರುತ್ತದಲ್ಲ, ಅದು ನಮ್ಮ ಅಗಸಿಯೇ. ರೊಟ್ಟಿ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಬೀಜ. ಸ್ಯಾಫ್ಲವರ್ ಎಣ್ಣೆ ಅಂದರೆ ಕುಸುಬಿ. ಅದು ಅಷ್ಟಾಗಿ ಹಳದಿ ತಿರುಗುವುದಿಲ್ಲ, ಆದ್ದರಿಂದ ಬಿಳಿ ಮತ್ತು ತಿಳಿ ಬಣ್ಣಕ್ಕೆ ಬಳಸುತ್ತಾರೆ. ಒಣಗುವುದು ನಿಧಾನ. ಈ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆ ಆಗುತ್ತವೆ. ಶೇಂಗಾ ಎಣ್ಣೆ ಆಗುವುದಿಲ್ಲ, ವರ್ಷ ಬಿಟ್ಟರೂ ಜಿಡ್ಡಾಗಿಯೇ ಇರುತ್ತದೆ.

ಗಾಣದ ಅಗಸಿ ಎಣ್ಣೆಯಲ್ಲಿ ಅಭ್ಯಾಸದ ಚಿತ್ರ ಮಾಡಿದ್ದೇನೆ. ಲೋಳೆ ಅಂಶ ಇರುವುದರಿಂದ ಬೇಗ ಕಂದು ತಿರುಗಿತು. ಮಾರುವ ಚಿತ್ರಕ್ಕೆ ಕಲಾವಿದರಿಗಾಗಿ ಶುದ್ಧ ಮಾಡಿದ್ದನ್ನೇ ತನ್ನಿ.

"ಫ್ರೇಮ್ ಹಾಕಿಸಿದ ಮೇಲೆ ಚಿತ್ರ ಹಳದಿ ಆತು. ಯಾಕ?"

ನನ್ನ ಕಥೆ ಕೇಳಿ. ಚಂದ್ರಂಪಳ್ಳಿಯ ಹಿನ್ನೀರು, ಮೂರು ರವಿವಾರ ಕೂತು ಮಾಡಿದ್ದು. ಒಂದು ಫ್ರೇಮ್ ಅಂಗಡಿಗೆ ಕೊಟ್ಟು ಬಂದೆ. ಅವರು ಪ್ರೀತಿಯಿಂದ, ಸುಕ್ಕು ಬರಬಾರದು ಅಂತ, ಪ್ಲೈವುಡ್‌ಗೆ ಇಡೀ ಚಿತ್ರವನ್ನು ಅಂಟಿನಿಂದ ಮೆತ್ತಿಬಿಟ್ಟರು. ಮೇಲೆ ಗಾಜು ಒತ್ತಿ ಕೂರಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿಗೆ ಬೂಷ್ಟು, ಕಾಗದಕ್ಕೆ ಕಂದು ಕಲೆ. ಬಿಡಿಸಲು ಹೋದರೆ ಆಕಾಶ ಹರಿಯಿತು. ಅರ್ಧ ಚಿತ್ರ ಈಗಲೂ ಅಟ್ಟದ ಮೇಲಿದೆ.

ತಪ್ಪು ನನ್ನದೂ ಇತ್ತು, ಮೊದಲೇ ಹೇಳಬೇಕಿತ್ತು. ಚಿತ್ರವನ್ನು ಮೇಲಿನ ಎರಡು ಮೂಲೆಗಳಲ್ಲಿ ಮಾತ್ರ, ಆಮ್ಲ ಇಲ್ಲದ ಟೇಪಿನಿಂದ ತೂಗುಹಾಕಬೇಕು. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಅಂಚಿನಂತೆ ಇಡುವ ದಪ್ಪ ರಟ್ಟು) ಅಂತರ ಇರಬೇಕು. ಹಿಂದೆ ಪ್ಲೈವುಡ್ ನೇರ ತಾಗಬಾರದು. ಗೆದ್ದಲು ಹತ್ತುವ ಗೋಡೆಗೆ ತೂಗುಹಾಕಬೇಡಿ. ನಮ್ಮ ಮಣ್ಣಿನ ಗೋಡೆಗಳಲ್ಲಿ ಇದು ತಮಾಷೆಯ ಮಾತಲ್ಲ.

## ಕೈ ಪಳಗಿದವರು ಕೇಳುವವು

"ದೂರದ ಗುಡ್ಡ ನೀಲಿ ಮಾಡಬೇಕು ಅಂತ ಕಲಿಸಿದ್ದಾರೆ. ನಮ್ಮಲ್ಲಿ ಹಾಗೆ ಕಾಣಲ್ಲ, ಅಲ್ವಾ?"

ಕಣ್ಣನ್ನು ನಂಬಿ. ಗಾಳಿ ಶುದ್ಧವಾಗಿದ್ದರೆ ನೀಲಿ ಬೆಳಕು ಜಾಸ್ತಿ ಚೆದುರುತ್ತದೆ, ದೂರದ್ದು ನೀಲಿ ಕಾಣುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಗಾಳಿಯಲ್ಲಿ ಧೂಳು ತುಂಬಿರುತ್ತದೆ. ಧೂಳಿನ ಕಣ ದಪ್ಪ. ಅವು ಎಲ್ಲ ಬಣ್ಣವನ್ನೂ ಒಂದೇ ರೀತಿ ಚೆದುರಿಸುತ್ತವೆ, ತಮ್ಮ ಕಂದನ್ನೂ ಸೇರಿಸುತ್ತವೆ. ಹಾಗಾಗಿ ದೂರದ ಗುಡ್ಡ ಗೋಧಿ ಹಿಟ್ಟಿನ ಬಣ್ಣಕ್ಕೆ ತಿರುಗುತ್ತದೆ. ಆಕಾಶದ ಅಂಚೂ ಅದೇ ಬಣ್ಣ. ಆಗ ಅಲ್ಟ್ರಾಮರೀನ್ ಮುಟ್ಟಲೇಬೇಡಿ. ಆಕರ್‌ಗೆ ಚೂರು ಲೈಟ್ ರೆಡ್, ಬೇಕಾದಷ್ಟು ನೀರು.

ಮೊದಲ ದೊಡ್ಡ ಮಳೆ ಬಂದ ಮರುದಿನ ಹೋಗಿ ನೋಡಿ. ಧೂಳು ತೊಳೆದು ಹೋಗಿ ಅದೇ ಗುಡ್ಡ ಕಡು ನೀಲಿಯಾಗಿ ಒಂದು ಹರದಾರಿ ಹತ್ತಿರ ಬಂದು ನಿಂತ ಹಾಗಿರುತ್ತದೆ. ಹೊರಗಿನವರು ಬರೆದ ಕಲಿಕೆಯ ಪಾಠ ಆ ಒಂದು ದಿನಕ್ಕೆ ಸರಿ.

"ಫೋಟೋ ನೋಡಿ ಮಾಡಿದರೆ ತಪ್ಪೇನು?"

ತಪ್ಪಿಲ್ಲ, ನಾನೂ ಮಾಡುತ್ತೇನೆ. ಆದರೆ ನಮ್ಮ ಬಿಸಿಲಿನಲ್ಲಿ ಕ್ಯಾಮೆರಾ ಮೋಸ ಮಾಡುತ್ತದೆ. ಕಲ್ಲಿನ ಬಿಸಿಲು ಬದಿ ಬೆಳ್ಳಗೆ ಸುಟ್ಟುಹೋಗುತ್ತದೆ, ನೆರಳು ಬರೀ ಕಪ್ಪಾಗುತ್ತದೆ. ಕಣ್ಣಿಗೆ ಆ ನೆರಳಿನೊಳಗೆ ಕೆಂಪು ಕಾಣುತ್ತದೆ, ನೆಲದಿಂದ ಪುಟಿದ ಬೆಳಕು ಅದು. ಆದ್ದರಿಂದ ಜಾಗದಲ್ಲೇ ಅಂಗೈ ಅಗಲದ ಬಣ್ಣದ ಟಿಪ್ಪಣಿ ಮಾಡಿಕೊಳ್ಳಿ. ಆಕಾರಕ್ಕೆ ಫೋಟೋ, ಬಣ್ಣಕ್ಕೆ ಟಿಪ್ಪಣಿ.

"ಚಿತ್ರ ಬರೆದರೆ ಕಾಡು ಉಳೀತದಾ?"

ಒಂದು ಸಲ ಉಳಿದಿದೆ, ಪೂರ್ತಿ ಚಿತ್ರದಿಂದಲೇ ಅಲ್ಲ. 1871ರಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಅಮೆರಿಕದ ಯೆಲ್ಲೊಸ್ಟೋನ್‌ಗೆ ಸರ್ವೆ ತಂಡದ ಜೊತೆ ಹೋದ. ಜೊತೆಗೆ ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಫೋಟೋಗ್ರಾಫರ್ ಇದ್ದ. ಅಲ್ಲಿನ ಬಣ್ಣದ ಕೊಳ್ಳ, ಬಿಸಿನೀರ ಬುಗ್ಗೆಗಳ ಮಾತನ್ನು ಆ ತನಕ ಬಹಳ ಜನ ನಂಬಿರಲಿಲ್ಲ. ಮೊರಾನ್‌ನ ಜಲವರ್ಣ, ಜಾಕ್ಸನ್‌ನ ಫೋಟೋ ಎರಡೂ ಅಲ್ಲಿನ ಸಂಸತ್ತಿನವರ ಕಣ್ಣಿಗೆ ಬಿದ್ದವು. 1872ರ ಮಾರ್ಚ್‌ನಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮೊರಾನ್‌ನ ದೊಡ್ಡ ಚಿತ್ರವನ್ನು ಸರಕಾರವೇ 10,000 ಡಾಲರಿಗೆ ಕೊಂಡಿತು. ಕೇಳಲು ಬಹಳ ಚೆಂದ. ಆದರೆ ಆ ಚಿತ್ರಗಳಲ್ಲಿ ನಿರ್ಜನವಾಗಿ ಕಾಣುವ ಕಾಡಿನಲ್ಲಿ ತಲೆತಲಾಂತರದಿಂದ ಓಡಾಡಿದ ಮೂಲನಿವಾಸಿಗಳು ಇದ್ದರು. ಅವರನ್ನು ಆಮೇಲೆ ಹೊರಗೆ ಹಾಕಿದರು.

ಹಾಗಾಗಿ ಚಿಂಚೋಳಿಯ ಚಿತ್ರದಲ್ಲಿ ನಾನು ತಾಂಡಾದ ಹೊಗೆಯನ್ನು ಬಿಡುವುದಿಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಣ್ಣದ ಕಲ್ಲನ್ನು ಒಡೆದು ಮಾಡಿದ ಆಯುಧಗಳು ಸಿಕ್ಕಿವೆ. ಅವು ಸುಮಾರು 12 ಲಕ್ಷ ವರ್ಷ ಹಳೆಯವು ಅಂತ ಪುರಾತತ್ವದವರ ಲೆಕ್ಕ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ, ಬಯಲಿನ ನಟ್ಟನಡುವೆ. ಯಾರು ಕೂತು ಆ ಸಾಲು ನೋಡುತ್ತಿದ್ದರೋ. ನಮ್ಮ ಅಡವಿಯಲ್ಲಿ ಮನುಷ್ಯರು ಯಾವಾಗಲೂ ಇದ್ದರು.

"ಕಂಬ, ತಂತಿ, ಚಿಮಣಿ ಎಲ್ಲ ಬಿಟ್ಟು ಚೆಂದ ಮಾಡ್ತೀರಿ. ಇದು ಸುಳ್ಳಲ್ವಾ?"

ಇದನ್ನು ಕೇಳಿದ್ದು ನನ್ನದೇ ಒಂಬತ್ತನೇ ತರಗತಿಯ ಹುಡುಗ. ಸೇಡಂ ಕಡೆಯವನು. ಅಲ್ಲಿನ ಬಯಲಿನ ಚಿತ್ರ ತೋರಿಸುತ್ತಿದ್ದೆ. "ಟೀಚರ್, ಇಲ್ಲಿ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಇರಬೇಕಿತ್ತು," ಅಂದ. ಇತ್ತು. ನಾನು ಬಲಕ್ಕೆ ಎರಡು ಹೆಜ್ಜೆ ಸರಿದು ಕೂತಿದ್ದೆ, ಅದು ಕಾಣದ ಹಾಗೆ.

ಅವನಿಗೆ ಉತ್ತರ ಕೊಡಲಿಲ್ಲ. ಮುಂದಿನ ರವಿವಾರ ಅದೇ ಜಾಗಕ್ಕೆ ಹೋಗಿ ಎರಡು ಹೆಜ್ಜೆ ಎಡಕ್ಕೆ ಕೂತೆ. ಬೇವಿನ ಎಲೆಗಳ ಮೇಲೆ ಧೂಳು ಕೂತು ಮರ ಬೂದಿ ಹಸಿರಾಗಿತ್ತು. ಆ ಬಣ್ಣ ನಾನು ಅದುವರೆಗೆ ಬೆರೆಸಿಯೇ ಇರಲಿಲ್ಲ. ಈಗ ಬಳ್ಳಾರಿ ಜಾಲಿ ನುಂಗಿದ ಹುಲ್ಲುಗಾವಲನ್ನೂ ಬರೆಯುತ್ತೇನೆ, ವಿದ್ಯುತ್ ತಂತಿಯ ಮೇಲೆ ಕೂತ ನೀಲಕಂಠವನ್ನೂ ಬರೆಯುತ್ತೇನೆ. ಈ ಚಿತ್ರಗಳು ಕಡಿಮೆ ಮಾರಾಟವಾಗುತ್ತವೆ. ಆ ಹುಡುಗನಿಗೆ ಒಂದು ಕೊಟ್ಟಿದ್ದೇನೆ.

"ಬುದ್ಧ ಮಲಗಿದ ಗುಡ್ಡ ಎಷ್ಟು ಸಲ ಬರೆದೀರಿ? ಸಾಕಾಗಿಲ್ಲೇನು?"

ಶಹಾಪುರದ ಗುಡ್ಡಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ ಎಲ್ಲ ಬಿಡಿಸಿಟ್ಟಂತೆ. ಪ್ರಯಾಣಿಕರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಜಪಾನಿನ ಹೊಕುಸಾಯ್ ಫ್ಯೂಜಿ ಪರ್ವತದ 36 ನೋಟ ಅಂತ ಹೆಸರಿಟ್ಟು, ತಡೆಯಲಾರದೆ 46 ಮಾಡಿದ. ನಾನು ಎಣಿಸುವುದು ಬಿಟ್ಟಿದ್ದೇನೆ.

ತೊಂದರೆ ಏನೆಂದರೆ, ಮೊದಮೊದಲು ನಾನು ಬುದ್ಧನನ್ನು ಬರೆಯುತ್ತಿದ್ದೆ, ಗುಡ್ಡವನ್ನಲ್ಲ. ಮೂಗು ಚೂಪು ಮಾಡುತ್ತಿದ್ದೆ, ತುಟಿ ಸೇರಿಸುತ್ತಿದ್ದೆ. ಈಗ ಮುಖ ಮರೆತು ಬಂಡೆ ಮಾತ್ರ ನೋಡುತ್ತೇನೆ. ಯಾವ ಗುಂಡು ಮುಂದಿದೆ, ಯಾವುದು ಹಿಂದಿದೆ, ನಡುವೆ ಎಲ್ಲಿ ನೆರಳು. ಹಾಗೆ ಬರೆದಾಗಲೇ ಮುಖ ತಾನಾಗಿ ಬರುತ್ತದೆ. ಗದ್ದ ಮತ್ತು ಎದೆಯ ನಡುವೆ ಕುತ್ತಿಗೆ ಇಳಿಯುವ ಜಾಗ ಮಾತ್ರ ಇನ್ನೂ ಸರಿ ಬಂದಿಲ್ಲ. ಬೆಳಿಗ್ಗೆ ಆರೂವರೆಗೆ ಅಲ್ಲೊಂದು ನೇರಳೆ ನೆರಳು ಬೀಳುತ್ತದೆ, ಏಳಕ್ಕೆ ಇರುವುದಿಲ್ಲ. ಬರುವ ರವಿವಾರ ಮೊದಲ ಬಸ್ಸಿಗೆ ಹೋಗಿ ತಲುಪಲಾಗುವುದಿಲ್ಲ. ಶನಿವಾರ ರಾತ್ರಿಯೇ ಹೋಗಿ ಶಹಾಪುರದಲ್ಲಿ ಪರಿಚಯದವರ ಮನೆಯಲ್ಲಿ ಉಳಿಯುತ್ತೇನೆ.